ಹೊಸ್ತಿಲು ದಾಟಿದ ಪದ

2007ರ ಜುಲೈ 9. ಅಮೆರಿಕದ ಡೆಟ್ರಾಯ್ಟ್ ನಗರದ ನಡುಬೀದಿಯಲ್ಲಿ ಒಂದು ಶವಯಾತ್ರೆ ಹೊರಟಿತ್ತು. ಭಾರ ಎಳೆಯುವುದಕ್ಕೇ ಹೆಸರಾದ ಪರ್ಷರಾನ್ ತಳಿಯ ಎರಡು ಕುದುರೆಗಳು, ಅವುಗಳ ಹಿಂದೆ ಗಾಡಿ, ಗಾಡಿಯ ಮೇಲೆ ಪೈನ್ ಮರದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಕಪ್ಪು ಗುಲಾಬಿಗಳ ಗೊಂಚಲು. ಆ ಹೂಗಳೂ ನಿಜದವಲ್ಲ. ಕೋಬೋ ಸಭಾಂಗಣದಿಂದ ನದಿ ದಂಡೆಯ ಹಾರ್ಟ್ ಪ್ಲಾಜಾದವರೆಗೆ ನೂರಾರು ಜನ ಹಿಂದೆ ನಡೆದರು. ಪಾದ್ರಿಯೊಬ್ಬರು ಚರಮಭಾಷಣ ಮಾಡಿದರು. ಮಿಶಿಗನ್ ರಾಜ್ಯದ ಗವರ್ನರ್ ಬಂದಿದ್ದರು, ನಗರದ ಮೇಯರ್ ಕ್ವಾಮಿ ಕಿಲ್‌ಪ್ಯಾಟ್ರಿಕ್ ಬಂದಿದ್ದರು. ಪೆಟ್ಟಿಗೆಯೊಳಗೆ ಹೆಣ ಇರಲಿಲ್ಲ. ಅಂದು ಮಣ್ಣಾಗಬೇಕಿದ್ದದ್ದು ಒಂದು ಪದ. ಬಿಳಿಯರು ಕಪ್ಪು ಜನರನ್ನು ತಲೆಮಾರುಗಟ್ಟಲೆ ಕರೆದ ಪದ. ಆಮೇಲೆ ಕಪ್ಪು ಜನರೇ ಒಬ್ಬರನ್ನೊಬ್ಬರು ಬೈಯಲಿಕ್ಕೂ ಮುದ್ದಿಗೂ ಕರೆದುಕೊಂಡ ಪದ.

ಶವಯಾತ್ರೆ ನಡೆಸಿದ್ದು 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಹಳೆಯ ಸಂಸ್ಥೆ. ಇದೇ ಊರಲ್ಲಿ ಇದೇ ಸಂಸ್ಥೆ 1944ರಲ್ಲಿ ಇಂಥದ್ದೇ ಇನ್ನೊಂದು ಅಣಕು ಶವಸಂಸ್ಕಾರ ಮಾಡಿತ್ತು. ಆಗ ಹೂತದ್ದು ‘ಜಿಮ್ ಕ್ರೋ’ವನ್ನು, ಅಂದರೆ ಕಪ್ಪು ಜನರನ್ನು ಬಸ್ಸು, ಶಾಲೆ, ಹೋಟೆಲುಗಳಲ್ಲಿ ಬೇರೆ ಕೂರಿಸುವ ಕಾನೂನುಗಳನ್ನು. ಹೂತ ಮೇಲೂ ಆ ಕಾನೂನು ಇಪ್ಪತ್ತು ವರ್ಷ ಬದುಕಿತ್ತು. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಸಂಸ್ಥೆಯ ಹೆಸರಿನ ಕೊನೆಯ ಎರಡಕ್ಷರ ಬಿಡಿಸಿದರೆ ‘ಕಲರ್ಡ್ ಪೀಪಲ್’ ಎಂದಾಗುತ್ತದೆ. ಇವತ್ತು ಯಾರಾದರೂ ಕಪ್ಪು ಮನುಷ್ಯನನ್ನು ‘ಕಲರ್ಡ್’ ಅಂದರೆ ಮುಖ ಸಿಂಡರಿಸಿಕೊಳ್ಳುತ್ತಾರೆ. ಒಂದು ಹಳೆಯ ಪದವನ್ನು ಹಣೆಯ ಮೇಲೆ ಹೊತ್ತುಕೊಂಡೇ ಇನ್ನೊಂದನ್ನು ಹೂಳಲು ಹೋಗಿತ್ತು ಆ ಸಂಸ್ಥೆ.

ಆ ಪದವನ್ನು ಈ ಲೇಖನದಲ್ಲಿ ಒಂದೇ ಸಲ ಬರೆಯುತ್ತೇನೆ, ಒಂದು ಪುಸ್ತಕದ ಹೆಸರಾಗಿ, ಬೇರೆ ದಾರಿಯಿಲ್ಲದೆ. ಮಿಕ್ಕ ಕಡೆಯಲ್ಲೆಲ್ಲ ಅಮೆರಿಕನ್ನರಂತೆ ‘ಎನ್-ಪದ’ ಎನ್ನುತ್ತೇನೆ. ಕನ್ನಡದ ಕಿವಿಗೆ ಅದರ ಏಟು ತಾಕುವುದಿಲ್ಲ ಎಂಬುದು ನಿಜ. ತಾಕದ ಕಡೆ ಎಚ್ಚರ ಇನ್ನೂ ಹೆಚ್ಚು ಬೇಕು.

ಹುಟ್ಟುವಾಗ ಅದು ಬೈಗುಳವಾಗಿರಲಿಲ್ಲ. ಲ್ಯಾಟಿನ್ನಿನಲ್ಲಿ ಕಪ್ಪು ಎಂಬ ಅರ್ಥದ ‘ನಿಗರ್’ ಸ್ಪ್ಯಾನಿಷ್, ಪೋರ್ಚುಗೀಸರ ಬಾಯಲ್ಲಿ ‘ನೀಗ್ರೋ’ ಆಗಿ, ಗುಲಾಮರ ಹಡಗುಗಳ ಜೊತೆ ಅಟ್ಲಾಂಟಿಕ್ ದಾಟಿತು. ಅದು ಬೈಗುಳವಾಗಿ ಗಟ್ಟಿಗೊಂಡ ಕಾಲವನ್ನು ಇತಿಹಾಸಕಾರ್ತಿಯೊಬ್ಬರು ಹುಡುಕಿದ್ದಾರೆ. ಅವರ ಹೆಸರನ್ನು ಆಮೇಲೆ ಹೇಳುತ್ತೇನೆ, ಅದಕ್ಕೆ ಕಾರಣವಿದೆ. ಅವರ ಪ್ರಕಾರ ಕಪ್ಪು ಕೂಲಿಗಳು ತಮ್ಮ ತಮ್ಮಲ್ಲಿ ಆ ಪದವನ್ನು ಮೊದಲಿಂದಲೂ ಆಡಿಕೊಂಡಿದ್ದರು. ಅದು ಚಾಟಿಯಾದದ್ದು 1820-30ರ ದಶಕಗಳಲ್ಲಿ, ಅದೂ ಗುಲಾಮಗಿರಿ ಬೇರೂರಿದ್ದ ದಕ್ಷಿಣದಲ್ಲಲ್ಲ, ಅದು ಕೊನೆಯಾಗುತ್ತಿದ್ದ ಉತ್ತರದಲ್ಲಿ. ಮನೆಯಲ್ಲಿ ಕಸ ಗುಡಿಸುತ್ತಿದ್ದವನು ಕೋಟು ತೊಟ್ಟು ಪ್ರಯಾಣಕ್ಕೆ ಹೊರಟಾಗ, ಶಾಲೆಯ ಬಾಗಿಲು ತಟ್ಟಿದಾಗ, ನೀನು ಇನ್ನೂ ಅವನೇ ಎಂದು ನೆನಪಿಸಲು ಬಿಳಿಯನಿಗೊಂದು ಪದ ಬೇಕಾಯಿತು. 1837ರಲ್ಲಿ ಹೊಸಿಯಾ ಈಸ್ಟನ್ ಎಂಬ ಕಪ್ಪು ಪಾದ್ರಿ ಬರೆದ ಗ್ರಂಥದಲ್ಲಿ ಇದರ ಚಿತ್ರವಿದೆ: ಹಟ ಮಾಡುವ ಮಕ್ಕಳನ್ನು ಹೆದರಿಸಲು ಬಿಳಿ ತಾಯ್ತಂದೆಯರು ಈ ಪದವನ್ನೇ ಬಳಸುತ್ತಿದ್ದರಂತೆ. ನಮ್ಮಲ್ಲಿ ಗುಮ್ಮ ಬಂತು ಅಂದಹಾಗೆ. ಅಲ್ಲಿ ಗುಮ್ಮ ಪಕ್ಕದ ಬೀದಿಯಲ್ಲಿ ಬದುಕಿದ್ದ ಮನುಷ್ಯ.

ಹಾಗಾಗಿ ‘ಬೈಗುಳವನ್ನು ಮರಳಿ ಪಡೆಯುವುದು’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಮರಳಿ ಪಡೆದದ್ದೋ, ಮೊದಲಿಂದಲೂ ಇಟ್ಟುಕೊಂಡದ್ದೋ? ಅಡುಗೆಮನೆಯಲ್ಲಿ, ಹತ್ತಿ ಹೊಲದಲ್ಲಿ, ಕ್ಷೌರದಂಗಡಿಯಲ್ಲಿ ಆ ಪದ ಎಂದೂ ನಿಂತಿರಲಿಲ್ಲ. ಹಳೆಯ ಗೆಳೆಯ ಸಿಕ್ಕರೆ ನಮ್ಮವರು ‘ಏನ್ಲೇ ಬಡ್ಡೀಮಗನೆ’ ಎಂದು ಬೆನ್ನಿಗೆ ಗುದ್ದುತ್ತಾರಲ್ಲ, ಸುಮಾರು ಆ ಸಲಿಗೆ. ವ್ಯತ್ಯಾಸವಿಷ್ಟೆ: ‘ಬಡ್ಡೀಮಗ’ನ ಹಿಂದೆ ಚಾಟಿಯಿಲ್ಲ, ನೇಣಿನ ಮರವಿಲ್ಲ.

ಅದನ್ನು ಮನೆಯಿಂದ ವೇದಿಕೆಗೆ ತಂದವರು ನಗೆಗಾರರು. ಪದವನ್ನು ಉಜ್ಜಿ ಉಜ್ಜಿ ಸವೆಸಿದರೆ ವಿಷ ಇಳಿದುಹೋಗುತ್ತದೆ ಎಂಬ ವಾದವನ್ನು ರಂಗದ ಮೇಲೆ ನಿಂತು ಬಿಡಿಸಿ ಹೇಳಿದ ಹೆಸರಾಂತ ನಗೆಗಾರ ಮಾತ್ರ ಕಪ್ಪು ಮನುಷ್ಯನಲ್ಲ. ಲೆನ್ನಿ ಬ್ರೂಸ್ ಎಂಬ ಯಹೂದಿ, 1960ರ ದಶಕದ ಮೊದಲಲ್ಲಿ. ದೇಶದ ಅಧ್ಯಕ್ಷರೇ ಟಿವಿಯಲ್ಲಿ ದಿನಾ ಅದನ್ನು ಹೇಳಿಬಿಟ್ಟರೆ ಶಾಲೆಯಲ್ಲಿ ಯಾವ ಮಗುವೂ ಅದನ್ನು ಕೇಳಿ ಅಳಬೇಕಾಗಿಲ್ಲ ಎಂಬುದು ಆತನ ತರ್ಕ. ತರ್ಕವೇನೋ ಚೆನ್ನಾಗಿದೆ. ಆದರೆ ಅಳುವ ಮಗು ಆತನದಾಗಿರಲಿಲ್ಲ.

1964ರಲ್ಲಿ ಡಿಕ್ ಗ್ರೆಗರಿಯ ಆತ್ಮಕಥೆ ಬಂತು. ಸೇಂಟ್ ಲೂಯಿಸ್‌ನ ಬಡತನದಲ್ಲಿ ಬೆಳೆದ ಕಪ್ಪು ನಗೆಗಾರ. 1961ರಲ್ಲಿ ಶಿಕಾಗೋದ ಪ್ಲೇಬಾಯ್ ಕ್ಲಬ್ಬಿನಲ್ಲಿ ಬಿಳಿ ವ್ಯಾಪಾರಿಗಳ ಎದುರು ನಿಂತು ನಗಿಸಿ ಹೆಸರಾದವನು, ಆಮೇಲೆ ದಕ್ಷಿಣದ ರಾಜ್ಯಗಳ ಜೈಲುಗಳನ್ನು ಕಂಡವನು. ಪುಸ್ತಕದ ಹೆಸರು ಒಂದೇ ಪದ: ‘ನಿಗ್ಗರ್’. ತೀರಿಹೋಗಿದ್ದ ತಾಯಿಗೆ ಅರ್ಪಿಸಿ, ಇನ್ನು ಮೇಲೆ ಎಲ್ಲಾದರೂ ಆ ಪದ ಕೇಳಿಸಿದರೆ ತನ್ನ ಪುಸ್ತಕಕ್ಕೆ ಜಾಹೀರಾತು ಸಿಕ್ಕಿತೆಂದು ತಿಳಿಯಬೇಕು ಎಂದು ಆಕೆಗೆ ಹೇಳಿದ. ಬೈದವನನ್ನೇ ತನ್ನ ಮಾರಾಟಗಾರನನ್ನಾಗಿ ಮಾಡಿಕೊಂಡ ಆ ಚತುರತೆಗೆ ಇವತ್ತಿಗೂ ನಗು ಬರುತ್ತದೆ. ಅದೇ ವರ್ಷ ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಾಯಿತು. ಗ್ರೆಗರಿಯ ಮಟ್ಟಿಗೆ ಆ ಪದ ಕನ್ನಡಿಯಾಗಿತ್ತು, ಎದುರಿನವನ ಮುಖಕ್ಕೆ ಹಿಡಿಯಲು. ಅದನ್ನು ಆತ ಬಳಸಿದ್ದು ಬಿಳಿಯರ ಕಡೆ ತಿರುಗಿ.

ರಿಚರ್ಡ್ ಪ್ರಯರ್ ಬಳಸಿದ್ದು ತನ್ನವರ ಕಡೆ ತಿರುಗಿ. ಈ ಕಥೆಯ ನಡುಗಂಬ ಆತನೇ.

ಪ್ರಯರ್ ಹುಟ್ಟಿದ್ದು 1940ರಲ್ಲಿ, ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ಬೆಳೆದದ್ದು ಅಜ್ಜಿ ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ. ಮೊದಮೊದಲು ಇನ್ನೊಬ್ಬ ಕಪ್ಪು ನಗೆಗಾರ ಬಿಲ್ ಕಾಸ್ಬಿಯ ಹಾದಿ ಹಿಡಿದು, ಬಿಳಿಯರಿಗೆ ಮುಜುಗರವಾಗದ ಶುಚಿಯಾದ ಹಾಸ್ಯ ಮಾಡುತ್ತಿದ್ದ. 1967ರಲ್ಲಿ ಲಾಸ್ ವೇಗಸ್‌ನ ಅಲಾದಿನ್ ಹೋಟೆಲಿನ ವೇದಿಕೆಯಿಂದ ಪ್ರದರ್ಶನದ ನಡುವೆಯೇ ಇಳಿದು ನಡೆದುಬಿಟ್ಟ. ನಂತರ ಕೆಲಕಾಲ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ. ಕಪ್ಪು ಲೇಖಕರು, ಹೋರಾಟಗಾರರ ಒಡನಾಟ. ಅಲ್ಲಿಂದ ತಿರುಗಿ ಬಂದವನ ಬಾಯಲ್ಲಿ ಪಿಯೋರಿಯಾದ ಕುಡುಕರು, ಸೂಳೆಯರು, ಪಾದ್ರಿಗಳು, ಬೀದಿಯ ಮುದುಕರು ಮಾತಾಡತೊಡಗಿದರು, ತಮ್ಮದೇ ಮಾತಿನಲ್ಲಿ. ಆ ಮಾತಿನ ತುಂಬ ಎನ್-ಪದ. 1974ರ ಆತನ ಧ್ವನಿಮುದ್ರಿಕೆಯ ಹೆಸರಲ್ಲೇ ಅದಿತ್ತು. ಅದನ್ನು ಮುದ್ರಿಸಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕ್ಲಬ್ಬಿನಲ್ಲಿ, ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅಮೆರಿಕದ ಇನ್ನೂರನೆಯ ಹುಟ್ಟುಹಬ್ಬದ ವರ್ಷ 1976ರಲ್ಲಿ ಬಂದ ಇನ್ನೊಂದಕ್ಕೂ ಅದೇ ಪದ, ಅದಕ್ಕೂ ಗ್ರ್ಯಾಮಿ. ಸಾವಿರ ಸಲ ಹೇಳಿದರೆ ಮರಗಟ್ಟುತ್ತದೆ, ಆಮೇಲೆ ನೋವಾಗುವುದಿಲ್ಲ ಎಂದು ಆತ ನಂಬಿದ್ದ.

ಆದರೆ ಧ್ವನಿಮುದ್ರಿಕೆ ಎಂಬುದು ವಿಚಿತ್ರ ವಸ್ತು. ಕ್ಷೌರದಂಗಡಿಯಲ್ಲಿ ಆಡಿದ ಮಾತನ್ನು ಕೇಳಲು ನೀವು ಅಲ್ಲಿ ಕೂತಿರಬೇಕು, ಅಲ್ಲಿ ಕೂರಲು ನಿಮಗೊಂದು ಋಣಾನುಬಂಧ ಇರಬೇಕು. ಧ್ವನಿಮುದ್ರಿಕೆಗೆ ದುಡ್ಡು ಕೊಟ್ಟರೆ ಸಾಕು. ಬಿಳಿ ಹುಡುಗರು ಬಾಗಿಲು ಹಾಕಿಕೊಂಡು ಪ್ರಯರನ ತಟ್ಟೆ ತಿರುಗಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರು ನಕ್ಕದ್ದು ಪ್ರಯರನ ಜೊತೆಗೋ, ಪ್ರಯರನನ್ನು ನೋಡಿಯೋ? ಅದೇ 1974ರಲ್ಲಿ ‘ಬ್ಲೇಜಿಂಗ್ ಸ್ಯಾಡಲ್ಸ್’ ಎಂಬ ಸಿನಿಮಾ ಬಂತು. ನಿರ್ದೇಶಕ ಮೆಲ್ ಬ್ರೂಕ್ಸ್. ಚಿತ್ರಕಥೆ ಬರೆದವರಲ್ಲಿ ಪ್ರಯರ್ ಒಬ್ಬ. ಬಿಳಿಯರ ಪಟ್ಟಣವೊಂದಕ್ಕೆ ಕಪ್ಪು ಶೆರೀಫ್ ಬರುವ ಕಥೆ. ಅದರಲ್ಲಿ ಬಿಳಿ ಪಾತ್ರಗಳು ಮಾತಿಗೊಮ್ಮೆ ಎನ್-ಪದ ಆಡುತ್ತವೆ, ಪ್ರೇಕ್ಷಕ ಆ ಪಾತ್ರಗಳ ಪೆದ್ದುತನಕ್ಕೆ ನಗಬೇಕು ಎಂಬ ಲೆಕ್ಕ. ಸಿನಿಮಾ ಭರ್ಜರಿಯಾಗಿ ಓಡಿತು. ಈ ಸಿನಿಮಾವನ್ನು ನೆನಪಿಟ್ಟುಕೊಳ್ಳಿ.

1979ರಲ್ಲಿ ಪ್ರಯರ್ ಕೀನ್ಯಾಕ್ಕೆ ಹೋದ. ನೈರೋಬಿಯ ಹೋಟೆಲೊಂದರ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದ. ಬಾಗಿಲು ಕಾಯುವವನು ಕಪ್ಪು, ಲೆಕ್ಕ ಬರೆಯುವವನು ಕಪ್ಪು, ಸೂಟು ಹಾಕಿಕೊಂಡು ಹೋಗುವವನು ಕಪ್ಪು, ಬೀದಿಯಲ್ಲಿ ಪೊಲೀಸಿನವನೂ ಕಪ್ಪು. ಇಲ್ಲಿ ಎನ್-ಪದದವರು ಯಾರಾದರೂ ಕಾಣುತ್ತಿದ್ದಾರಾ ಎಂದು ಒಳಗಿನ ದನಿಯೊಂದು ಕೇಳಿತಂತೆ. ಒಬ್ಬರೂ ಕಾಣಲಿಲ್ಲ. ಮೂರು ವಾರದಿಂದ ಆ ಪದ ತನ್ನ ಬಾಯಿಗೂ ಬಂದಿಲ್ಲ, ಮನಸ್ಸಿಗೂ ಬಂದಿಲ್ಲ ಎಂದು ಆಗ ಹೊಳೆದು ಅತ್ತುಬಿಟ್ಟ. ಇದನ್ನು ಆತ ಅಮೆರಿಕಕ್ಕೆ ಬಂದು, ನಡುವೆ ಬೆಂಕಿ ಅವಘಡದಲ್ಲಿ ಸತ್ತು ಬದುಕಿ, ತನ್ನ ಪ್ರದರ್ಶನದಲ್ಲಿ ಹೇಳಿದ. 1982ರಲ್ಲಿ ತೆರೆಕಂಡ ಅದರ ಚಿತ್ರೀಕರಣದಲ್ಲಿ ಈಗಲೂ ನೋಡಬಹುದು. ನಗೆಗಾರನೊಬ್ಬ ಸಾವಿರಾರು ಜನರೆದುರು ತನ್ನ ಬಂಡವಾಳವನ್ನು ತಾನೇ ಕೆಳಗಿಡುವುದು ದಿನಾ ಕಾಣುವ ನೋಟವಲ್ಲ. ಸಭೆ ಆ ಹೊತ್ತು ನಗಲಿಲ್ಲ, ಆಮೇಲೆ ಚಪ್ಪಾಳೆ ತಟ್ಟಿತು.

ಆತನ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ. ನನಗೆ ಮುಖ್ಯವೆನಿಸುವುದು ಅದು ಎಲ್ಲಿ ಹೊಳೆಯಿತು ಎಂಬುದು. ಪಿಯೋರಿಯಾದಲ್ಲಿ ಹೊಳೆಯಲಿಲ್ಲ, ಹಾಲಿವುಡ್ಡಿನಲ್ಲಿ ಹೊಳೆಯಲಿಲ್ಲ. ಆ ಪದ ಹೇಳಿಕೊಡಲು ಬಿಳಿಯನೊಬ್ಬ ಇರದ ಊರಿನಲ್ಲಿ ಹೊಳೆಯಿತು. ಮನೆಮಾತು ಎಂದುಕೊಂಡದ್ದು ಪಕ್ಕದ ಮನೆಯವರ ಗೋಡೆಗೆ ಆತುಕೊಂಡೇ ನಿಂತಿತ್ತು ಎಂದು ಗೊತ್ತಾಗಲು ಗೋಡೆಯಿಲ್ಲದ ಕಡೆ ಹೋಗಬೇಕಾಯಿತು.

ಪ್ರಯರ್ ಕೆಳಗಿಟ್ಟದ್ದನ್ನು ಹತ್ತು ವರ್ಷದೊಳಗೆ ಇನ್ನೂ ದೊಡ್ಡ ದನಿಗಳು ಎತ್ತಿಕೊಂಡವು. 1980ರ ದಶಕದ ಕೊನೆಯಲ್ಲಿ ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್ನಿನ ಹುಡುಗರ ರಾಪ್ ತಂಡ ಎನ್‌ಡಬ್ಲ್ಯುಎ ಹೆಸರಿನ ಮೊದಲಕ್ಷರದಲ್ಲೇ ಆ ಪದವನ್ನು ಹೊತ್ತು ಬಂತು. ಪೊಲೀಸರನ್ನು ಬೈದ ಅವರ ಹಾಡಿನ ವಿರುದ್ಧ 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಕಂಪನಿಗೆ ಪತ್ರ ಬರೆದರು. ರಾಪ್ ಹಾಡುಗಾರರು ಪದದ ಕೊನೆಯ ‘ರ್’ ಕತ್ತರಿಸಿ ‘ಅ’ ಹಚ್ಚಿದರು; ಇದು ಬೇರೆ ಪದ, ಆ ಹಳೆಯದಲ್ಲ ಎಂದು ವಾದಿಸಿದರು. ನೇಣಿನ ಹಗ್ಗಕ್ಕೆ ತೂಗಿದವರಿಗೆ ಹಳೆಯ ಪದ, ಕೊರಳಲ್ಲಿ ಚಿನ್ನದ ಹಗ್ಗ ತೂಗಿಸಿಕೊಂಡವರಿಗೆ ಹೊಸದು ಎಂದು ಟೂಪಾಕ್ ಶಕೂರ್ ವ್ಯತ್ಯಾಸ ಹೇಳಿದ. ಕೇಳಲು ಸೊಗಸು. ಆದರೆ ಹಾಡಿನ ಸಭೆಯಲ್ಲಿ ಬಿಳಿ ಹುಡುಗನೊಬ್ಬ ಪಲ್ಲವಿಗೆ ದನಿಗೂಡಿಸಿದಾಗ ಅವನ ಬಾಯಿಂದ ಬಂದದ್ದು ‘ರ್’ ಇದ್ದದ್ದೋ ಇಲ್ಲದ್ದೋ ಎಂದು ಯಾರು ಕಿವಿಗೊಟ್ಟು ಕೂರುತ್ತಾರೆ?

ಈ ನಡುವೆ 1995ರಲ್ಲಿ ಕಪ್ಪು ಫುಟ್‌ಬಾಲ್ ತಾರೆ ಒ. ಜೆ. ಸಿಂಪ್ಸನ್ ಮೇಲಿನ ಕೊಲೆ ಮೊಕದ್ದಮೆ. ಸಾಕ್ಷಿ ಹೇಳಲಿದ್ದ ಬಿಳಿ ಪೊಲೀಸ್ ಅಧಿಕಾರಿ ಆ ಪದ ಬಳಸುತ್ತಿದ್ದನೇ ಎಂದು ಕೇಳಬಹುದೇ ಎಂಬುದೇ ದೊಡ್ಡ ಜಗಳವಾಯಿತು. ಸರ್ಕಾರಿ ವಕೀಲ ಕ್ರಿಸ್ಟೊಫರ್ ಡಾರ್ಡನ್, ಇಂಗ್ಲಿಷ್ ಭಾಷೆಯಲ್ಲೇ ಇಷ್ಟು ಹೊಲಸು ಪದ ಬೇರಿಲ್ಲ, ಕೇಳಿದರೆ ಕಪ್ಪು ಜ್ಯೂರಿಗಳ ಕಣ್ಣು ಕುರುಡಾಗುತ್ತದೆ ಎಂದರು. ಆರೋಪಿಯ ಪರ ವಕೀಲ ಜಾನಿ ಕಾಕ್ರನ್ ಎದ್ದು ನಿಂತು, ಇದು ನಮ್ಮ ಜನಕ್ಕೆ ಅವಮಾನ, ನಾವು ದಿನಾ ಕೇಳಿಕೊಂಡೇ ಬದುಕಿದವರು ಎಂದರು. ಇಬ್ಬರೂ ಕಪ್ಪು ವಕೀಲರು. ‘ಎನ್-ಪದ’ ಎಂಬ ಮುಸುಕಿನ ಹೆಸರು ಮನೆಮಾತಾದದ್ದು ಈ ಮೊಕದ್ದಮೆಯಿಂದಲೇ.

ಪ್ರಯರನ ಜೊತೆ ಹಾಸ್ಯ ಬರೆಯುತ್ತಿದ್ದ ಪಾಲ್ ಮೂನಿ ಮಾತ್ರ ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಆ ಪದವನ್ನು ನೂರು ಸಲ ಹೇಳುತ್ತೇನೆ, ಹಲ್ಲು ಬೆಳ್ಳಗಾಗುತ್ತದೆ ಎನ್ನುತ್ತಿದ್ದ. 2006ರ ನವೆಂಬರಿನಲ್ಲಿ ಲಾಸ್ ಏಂಜಲಿಸ್‌ನ ನಗೆ ಕ್ಲಬ್ಬೊಂದರಲ್ಲಿ ಬಿಳಿ ನಟ ಮೈಕಲ್ ರಿಚರ್ಡ್ಸ್ ತನ್ನ ಪ್ರದರ್ಶನಕ್ಕೆ ಅಡ್ಡಿಮಾಡಿದ ಕಪ್ಪು ಪ್ರೇಕ್ಷಕರ ಮೇಲೆ ಆ ಪದವನ್ನು ಎಸೆದೆಸೆದು ಕಿರುಚಿದ. ಫೋನಿನಲ್ಲಿ ಹಿಡಿದ ದೃಶ್ಯ ಲೋಕಕ್ಕೆಲ್ಲ ಹರಡಿತು. ನೋಡಿದ ಮೂನಿ, ಇನ್ನು ನನಗೂ ಬೇಡ ಎಂದ. ಮೂನಿ ಆಡಿದ್ದಕ್ಕೂ ರಿಚರ್ಡ್ಸ್ ಕಿರುಚಿದ್ದಕ್ಕೂ ವ್ಯತ್ಯಾಸ ಆಕಾಶ ಭೂಮಿಯಷ್ಟು. ಅದು ಮೂನಿಗೂ ಗೊತ್ತಿತ್ತು. ಆದರೂ ತನ್ನ ಅಂಗಡಿಯ ಸರಕು ಪರರ ಕೈಯಲ್ಲಿ ಚೂರಿಯಾಗಿ ಕಂಡಾಗ ಮನುಷ್ಯನಿಗೆ ಅಂಗಡಿ ತೆರೆಯಲು ಮನಸ್ಸಾಗುವುದಿಲ್ಲ. 2007ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ನಗರಸಭೆ ಆ ಪದ ಬಳಸಬಾರದೆಂದು ಒಮ್ಮತದ ನಿರ್ಣಯ ಮಾಡಿತು. ದಂಡ ಇಲ್ಲ, ಜೈಲು ಇಲ್ಲ, ಬರೀ ನಿರ್ಣಯ. ಜುಲೈನಲ್ಲಿ ಡೆಟ್ರಾಯ್ಟ್‌ನ ಕುದುರೆಗಳು ಹೊರಟವು.

ಶವಯಾತ್ರೆಯಾಗಿ ಎಂಟು ತಿಂಗಳು. 2008ರ ಮಾರ್ಚಿನಲ್ಲಿ, ಅಂದು ಪೆಟ್ಟಿಗೆಯ ಮುಂದೆ ನಿಂತು ಆ ಪದಕ್ಕೆ ಪೀಡೆ ತೊಲಗಿತು ಎಂದಿದ್ದ ಮೇಯರ್ ಕಿಲ್‌ಪ್ಯಾಟ್ರಿಕ್, ಹಗರಣವೊಂದರ ಸುಳಿಯಲ್ಲಿ ಸಿಕ್ಕಿ, ನಗರದ ಸ್ಥಿತಿಗತಿ ಕುರಿತ ವಾರ್ಷಿಕ ಭಾಷಣದ ಕೊನೆಯಲ್ಲಿ ತನ್ನನ್ನು ಜನ ಹಾಗೆ ಕರೆಯುತ್ತಿದ್ದಾರೆಂದು ದೂರಿದರು. ಹಾಗೆ ಎಂದರೆ ಹೇಗೆ ಎಂಬುದನ್ನು ಪದವನ್ನೇ ಪೂರ್ತಿ ಉಚ್ಚರಿಸಿ ಹೇಳಿದರು. ಹೂತವರೇ ಅಗೆದರು. ಅದೇ ವರ್ಷ ನಾಸ್ ಎಂಬ ರಾಪ್ ಹಾಡುಗಾರ ತನ್ನ ಹೊಸ ಆಲ್ಬಂಗೆ ಆ ಪದವನ್ನೇ ಹೆಸರಿಡುತ್ತೇನೆಂದು ಹೊರಟು, ಗದ್ದಲವಾಗಿ, ಕೊನೆಗೆ ಹೆಸರೇ ಇಲ್ಲದೆ ಬಿಡುಗಡೆ ಮಾಡಿದ. ಮುಖಪುಟದಲ್ಲಿ ಆತನ ಬರಿಬೆನ್ನು. ಬೆನ್ನಿನ ಮೇಲೆ ಚಾಟಿಯ ಬಾಸುಂಡೆಗಳು ‘ಎನ್’ ಅಕ್ಷರದ ಆಕಾರದಲ್ಲಿ ಎದ್ದಿವೆ.

ಇಲ್ಲಿಯವರೆಗೆ ಜಗಳ ಒಳಗೆ-ಹೊರಗೆ ಎಂಬುದು. ಒಳಗಿನವರು ಆಡಬಹುದು, ಹೊರಗಿನವರು ಆಡಬಾರದು. ಹೆಚ್ಚಿನವರು ಈಗಲೂ ಇಷ್ಟಕ್ಕೇ ಮಾತು ಮುಗಿಸುತ್ತಾರೆ. 2013ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆ ಈ ಗೆರೆಯನ್ನು ಅಲ್ಲಾಡಿಸಿತು. ಹಾರ್ಲೆಮ್‌ನಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕಲಿಸುವ ಸಂಸ್ಥೆ. ಕಪ್ಪು ಮಹಿಳಾ ನೌಕರೆಯೊಬ್ಬಳನ್ನು ಮೇಲಧಿಕಾರಿ ಕೊಠಡಿಯಲ್ಲಿ ಕೂರಿಸಿ ನಾಲ್ಕು ನಿಮಿಷ ಬೈದ. ಬೈಗುಳದ ತುಂಬ ಎನ್-ಪದ. ಆಕೆ ಅದನ್ನು ಮುದ್ರಿಸಿಕೊಂಡಿದ್ದಳು. ಅಧಿಕಾರಿಯೂ ಹೊರಗಿನವನಲ್ಲ, ಕಪ್ಪು ಮತ್ತು ಪೋರ್ಟೊರಿಕೊ ಮೂಲದವನು. ನಮ್ಮಲ್ಲಿ ಈ ಪದಕ್ಕೆ ಪ್ರೀತಿಯ ಅರ್ಥವೂ ಇದೆ, ತಿದ್ದಿ ಹೇಳಲೆಂದೇ ಹೇಳಿದೆ ಎಂದು ವಾದಿಸಿದ. ಜ್ಯೂರಿ ಒಪ್ಪಲಿಲ್ಲ. ಎರಡೂವರೆ ಲಕ್ಷ ಡಾಲರ್ ಪರಿಹಾರ, ಮೇಲೆ 30,000 ಡಾಲರ್ ದಂಡ.

ಈ ತೀರ್ಪು ನನಗೆ ಡೆಟ್ರಾಯ್ಟಿನ ಮೆರವಣಿಗೆಗಿಂತ ದೊಡ್ಡದಾಗಿ ಕಾಣುತ್ತದೆ. ಬಣ್ಣ ಒಂದೇ ಆದರೂ ಕುರ್ಚಿ ಒಂದೇ ಅಲ್ಲ. ತಿರುಗಿ ಅದೇ ಪದದಿಂದ ಕರೆಯಲು ನನಗೂ ಬಿಡುವವನು ಕರೆದರೆ ಅದು ಸಲಿಗೆ. ಬಾಯಿ ಮುಚ್ಚಿಕೊಂಡು ಕೇಳಬೇಕಾದವಳಿಗೆ ಅದು ಹಳೆಯ ಚಾಟಿಯೇ, ಹಿಡಿದ ಕೈ ಯಾವ ಬಣ್ಣದ್ದಾದರೂ.

ಇನ್ನೊಂದು ಮೊಕದ್ದಮೆ ಇನ್ನೂ ಮೇಲಿನವರೆಗೆ ಹೋಯಿತು. ಅದರ ಪದ ಬೇರೆ, ಜನ ಬೇರೆ. ಸೈಮನ್ ಟ್ಯಾಮ್ ಚೀನೀ ಮೂಲದ ಅಮೆರಿಕನ್. ಚಿಕ್ಕಂದಿನಲ್ಲಿ ಆಟದ ಬಯಲಲ್ಲಿ ಹುಡುಗರು ಅವನನ್ನು ಹೊಡೆಯುತ್ತ ಜಪಾನೀಯರಿಗೆ ಅನ್ನುವ ಬೈಗುಳ ಕೂಗುತ್ತಿದ್ದರು. ಒಂದು ದಿನ ಅವನು ತಿರುಗಿ ನಿಂತು, ಬೈಯುವುದಾದರೆ ಸರಿಯಾಗಿ ಬೈಯಿರಿ, ನಾನು ಚೀನಾದವನು ಎಂದು ಚೀನೀಯರಿಗೆ ಅನ್ನುವ ಬೈಗುಳವನ್ನು ತಾನೇ ಹೇಳಿ ಕಿರುಚಿದ. ಹುಡುಗರು ಕಕ್ಕಾಬಿಕ್ಕಿಯಾಗಿ ಬಿಟ್ಟು ಹೋದರು. ದೊಡ್ಡವನಾಗಿ 2006ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಏಷ್ಯಾ ಮೂಲದವರ ರಾಕ್ ತಂಡ ಕಟ್ಟಿ ಅದಕ್ಕೆ ‘ದ ಸ್ಲಾಂಟ್ಸ್’ ಎಂದು ಹೆಸರಿಟ್ಟ. ಓರೆಗಣ್ಣಿನವರು ಎಂದು ಹಂಗಿಸುವ ಪದ. ಟ್ರೇಡ್‌ಮಾರ್ಕ್ ಕೇಳಿ ಅರ್ಜಿ ಹಾಕಿದರೆ ಕಚೇರಿ ತಿರಸ್ಕರಿಸಿತು. 1946ರ ಲ್ಯಾನ್‌ಹಮ್ ಕಾಯ್ದೆಯ ಪ್ರಕಾರ ಯಾವುದೇ ಜನರನ್ನು ಹೀಯಾಳಿಸುವ ಹೆಸರನ್ನು ಆಗ ನೋಂದಾಯಿಸುವಂತಿರಲಿಲ್ಲ. ‘ಸ್ಲಾಂಟ್’ ಎಂದರೆ ಬರೀ ಓರೆ ಎಂದರ್ಥ, ಆ ಪದವಿರುವ ಬೇರೆ ಎಷ್ಟೋ ಅರ್ಜಿಗಳು ಬಂದಿದ್ದವು, ಅವುಗಳಿಗೆ ಈ ತಕರಾರು ಬಂದಿರಲಿಲ್ಲ. ಇವರದಕ್ಕೆ ಬಂದ ಕಾರಣ, ತಂಡದಲ್ಲಿರುವವರು ಏಷ್ಯದವರು! ಬೈಸಿಕೊಂಡವನು ಎಂಬ ಕಾರಣಕ್ಕೇ ಆ ಬೈಗುಳವನ್ನು ಇಟ್ಟುಕೊಳ್ಳಲು ಅವನಿಗೆ ಹಕ್ಕಿಲ್ಲ ಎಂದಂತಾಯಿತು.

ಏಷ್ಯಾ ಮೂಲದವರೆಲ್ಲ ಟ್ಯಾಮ್ ಹಿಂದೆ ನಿಂತರು ಎಂದುಕೊಳ್ಳಬೇಡಿ; ಈ ಹೆಸರು ನಮಗೆ ಬೇಡ ಎಂದವರು ಅವರಲ್ಲೂ ಇದ್ದರು. 2017ರ ಜೂನ್ 19ರಂದು ಸುಪ್ರೀಂ ಕೋರ್ಟ್ 8-0 ಮತಗಳಿಂದ ಟ್ಯಾಮ್ ಪರ ತೀರ್ಪು ಕೊಟ್ಟಿತು. ಆದರೆ ಕೊಟ್ಟ ಕಾರಣ ಟ್ಯಾಮ್ ಹೇಳಿಕೊಂಡು ಬಂದದ್ದಲ್ಲ. ಬೈಗುಳ ಬೈಸಿಕೊಂಡವರ ಸ್ವತ್ತು ಎಂದು ಕೋರ್ಟ್ ಹೇಳಲಿಲ್ಲ. ಯಾರ ಮನಸ್ಸು ನೋಯುತ್ತದೆ ಎಂದು ನೋಡಿ ಸರ್ಕಾರ ಮಾತನ್ನು ತಡೆಯುವಂತಿಲ್ಲ ಎಂದಿತು. ಬಾಗಿಲು ಟ್ಯಾಮ್‌ಗೆ ತೆರೆಯಿತು, ಅದರಲ್ಲೇ ಎಲ್ಲರಿಗೂ ತೆರೆಯಿತು. ಮೊದಲು ನುಗ್ಗಿ ಬಂದದ್ದು ವಾಷಿಂಗ್ಟನ್‌ನ ಫುಟ್‌ಬಾಲ್ ತಂಡ. ಅಮೆರಿಕದ ಮೂಲನಿವಾಸಿಗಳನ್ನು ಹೀಯಾಳಿಸುವ ‘ರೆಡ್‌ಸ್ಕಿನ್ಸ್’ ಎಂಬ ಅವರ ಹೆಸರಿನ ವಿರುದ್ಧ ಸೂಜನ್ ಶೋನ್ ಹಾರ್ಜೊ 1992ರಲ್ಲಿ, ಆಮೇಲೆ ನವಾಹೋ ಜನಾಂಗದ ಅಮಾಂಡಾ ಬ್ಲ್ಯಾಕ್‌ಹಾರ್ಸ್ ಹೋರಾಡಿ, 2014ರಲ್ಲಿ ಅದರ ಟ್ರೇಡ್‌ಮಾರ್ಕ್ ರದ್ದಾಗಿತ್ತು. ಟ್ಯಾಮ್ ಗೆದ್ದ ಬಲದಿಂದ ಅದು ಉಳಿದುಕೊಂಡಿತು. ಕೊನೆಗೆ ಆ ಹೆಸರು ಹೋದದ್ದು ಕಾನೂನಿನಿಂದಲ್ಲ. 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರದ ದಿನಗಳಲ್ಲಿ, ದುಡ್ಡು ಕೊಡುವ ಕಂಪನಿಗಳು ಮುಖ ತಿರುಗಿಸಿದ್ದರಿಂದ ಹೋಯಿತು.

ಅಮೆರಿಕದ ಕೋರ್ಟ್ ಮಾಡಲಾರೆ ಎಂದದ್ದನ್ನು ನಮ್ಮ ಸಂಸತ್ತು ಆಗಲೇ ಮಾಡಿತ್ತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಅಪರಾಧಗಳ ಪಟ್ಟಿ ಶುರುವಾಗುವುದೇ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ಯಾರೇ ಆಗಲಿ, ಎಂಬ ಷರತ್ತಿನಿಂದ. ಜಾತಿ ಹೆಸರು ಹಿಡಿದು ಬೈಯುವುದನ್ನು 2015ರ ತಿದ್ದುಪಡಿ ಬಿಡಿಸಿಯೇ ಹೇಳಿತು. ಅದಕ್ಕೂ ಈ ಷರತ್ತು ಅನ್ವಯ. ಅದೇ ಪದ, ಬಾಯಿ ಬೇರೆಯಾದರೆ ಅಪರಾಧವಲ್ಲ. ಇನ್ನೊಂದು ಷರತ್ತು, ಬೈದದ್ದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗವಾಗಿರಬೇಕು. ಮನೆಯ ಗೇಟಿನ ಬಳಿ ಕಾರಿನ ಪಕ್ಕ ನಿಂತವನನ್ನು ಚರ್ಮದ ಕಸುಬಿನ ಜಾತಿಯ ಹೆಸರಿಂದ ಬೈದ ಪ್ರಕರಣದಲ್ಲಿ, ಗೇಟು ಅಂಥ ಜಾಗವೇ ಎಂದು 2008ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಹೊರಗಿನವರಿಲ್ಲದ ನಾಲ್ಕು ಗೋಡೆಯೊಳಗಾದರೆ ಈ ಕಲಂ ತಗುಲುವುದಿಲ್ಲ ಎಂದು 2020ರಲ್ಲಿ ಹೇಳಿತು. ಡೆಟ್ರಾಯ್ಟಿನವರು ಕುದುರೆ ಕಟ್ಟಿ ಹುಡುಕಿದ ಹೊಸ್ತಿಲನ್ನು ನಮ್ಮ ನ್ಯಾಯಮೂರ್ತಿಗಳು ಟೇಪು ಹಿಡಿದು ಅಳೆಯುತ್ತಿದ್ದಾರೆ.

ನಮಗೂ ಆ ಕಥೆಗೂ ನೇರ ನಂಟಿದೆ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಅಮೆರಿಕದ ಕಪ್ಪು ಹೋರಾಟಗಾರರಾದ ಬ್ಲ್ಯಾಕ್ ಪ್ಯಾಂಥರರಿಂದ. ಪ್ರಯರನ ಮೊದಲ ಗ್ರ್ಯಾಮಿಯ ವರ್ಷ, 1975ರಲ್ಲಿ, ಇಪ್ಪತ್ತೊಂದರ ಹರೆಯದ ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ಪುಸ್ತಕದಂಗಡಿಯಲ್ಲಿ ಅದನ್ನು ಕೇಳುವ ಮೇಲ್ಜಾತಿಯವನು ಆ ಎರಡು ಪದಗಳನ್ನು ಬೈಗುಳದ ದನಿಯಿಲ್ಲದೆ ಉಚ್ಚರಿಸಲೇಬೇಕು. ಅದಕ್ಕೂ ಎಷ್ಟೋ ಮೊದಲೇ ಹಳೇ ಮೈಸೂರಿನಲ್ಲಿ ಆ ಹೆಸರುಗಳ ಅವಮಾನದಿಂದ ಪಾರಾಗಲು ಜನ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರು ತೊಟ್ಟಿದ್ದರು. 2025ರಲ್ಲಿ ಒಳಮೀಸಲಾತಿಗಾಗಿ ಸಮೀಕ್ಷೆ ನಡೆದಾಗ ಈ ಹೊಸ ಹೆಸರುಗಳೇ ತೊಡಕಾದವು. ಅವುಗಳ ಕೆಳಗೆ ಎಡಗೈಯವರೂ ಇದ್ದರು, ಬಲಗೈಯವರೂ ಇದ್ದರು. ಮೂಲ ಜಾತಿ ಬರೆಸಿ ಎಂದು ಹಟ್ಟಿ ಹಟ್ಟಿಗೆ ಹೋಗಿ ಹೇಳಬೇಕಾಯಿತು. ಬೈಗುಳಕ್ಕೆ ಬೇಸತ್ತು ಅಜ್ಜ ಕಳಚಿಟ್ಟ ಹೆಸರನ್ನು ಪಾಲು ಕೇಳಲು ಮೊಮ್ಮಗ ಗಣತಿದಾರರ ಎದುರು ಬಾಯಿಬಿಟ್ಟು ಹೇಳಿದ.

ಮೊದಲಲ್ಲಿ ಹೆಸರು ಹೇಳದೆ ಬಿಟ್ಟ ಇತಿಹಾಸಕಾರ್ತಿ, ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಪಾಠ ಮಾಡುವ ಎಲಿಜಬೆತ್ ಸ್ಟೋರ್ಡರ್ ಪ್ರಯರ್. ರಿಚರ್ಡ್ ಪ್ರಯರನ ಮಗಳು. ಒಂದು ದಿನ ತರಗತಿಯಲ್ಲಿ ಚರ್ಚೆಯ ನಡುವೆ ಬಿಳಿ ವಿದ್ಯಾರ್ಥಿಯೊಬ್ಬರು ತಮಾಷೆಗೆ ಹಳೆಯ ಸಿನಿಮಾವೊಂದರ ಮಾತನ್ನು ಹೇಳಿದರು, ಎನ್-ಪದ ಸಮೇತ. ಸಿನಿಮಾ ‘ಬ್ಲೇಜಿಂಗ್ ಸ್ಯಾಡಲ್ಸ್’. ಏನು ಮಾಡಬೇಕೆಂದು ಆ ಕ್ಷಣ ತನಗೆ ತೋಚಲಿಲ್ಲ ಎಂದು ಅವರು ಆಮೇಲೆ ಉಪನ್ಯಾಸವೊಂದರಲ್ಲಿ ಹೇಳಿಕೊಂಡಿದ್ದಾರೆ. ಈಗ ಅವರು ಆ ಪದದ ಪಾಠವನ್ನು ಅದನ್ನು ಯಾರು ಆಡಬಹುದು ಎಂಬ ಪ್ರಶ್ನೆಯಿಂದ ಶುರುಮಾಡುವುದಿಲ್ಲ. ನೀವು ಅದಕ್ಕೆ ಎದುರಾದದ್ದು ಎಲ್ಲಿ, ಯಾರ ಬಾಯಲ್ಲಿ ಕೇಳಿದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ.